ಮಂಗಳೂರಿನಿಂದ ಕಾರವಾರದವರೆಗೆ ಅವಸರವಿಲ್ಲದ ಕಾರು ಪ್ರಯಾಣ: ಸಲಹೆ ಬೇಕಾಗಿದೆ

ಚಾಮುಂಡಿ ತಪ್ಪಲು (ಮೈಸೂರು)

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯ ವಾರದಲ್ಲಿ ಹೊರಟು ಫೆಬ್ರವರಿ ಮೊದಲ ವಾರದಲ್ಲಿ ಹಿಂದಿರುಗುವಂತೆ, ನಾನು, ನಮ್ಮ ಯಜಮಾನರು ಮತ್ತು ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ಸ್ವಂತ ಕಾರಿನಲ್ಲಿ ಕರಾವಳಿಯುದ್ದಕ್ಕೂ ಹೋಗಿಬರಬೇಕೆಂದಿದ್ದೇವೆ. ಕೈಯಲ್ಲಿ ಏಳು ರಾತ್ರಿಗಳಿವೆ. ಮೊದಲ ರಾತ್ರಿ ಮಂಗಳೂರು, ಅನಂತರ ಕ್ರಮವಾಗಿ ಉಡುಪಿ, ಕುಂದಾಪುರ, ಮುರ್ಡೇಶ್ವರ, ಹೊನ್ನಾವರ, ಗೋಕರ್ಣ, ಕಾರವಾರ ಎಂದು ಸದ್ಯಕ್ಕೆ ಬರೆದಿಟ್ಟುಕೊಂಡಿದ್ದೇವೆ. ಕಾರವಾರದವರೆಗೆ ಹೋದಮೇಲೆ ಗೋವಾ ಬಿಡುವುದೇಕೆ ಎಂಬುದು ಯಜಮಾನರ ಪ್ರಶ್ನೆ.

ಅತ್ತೆಯವರಿಗೆ ಮೊಣಕಾಲು ನೋವಿರುವುದರಿಂದ ಹೆಚ್ಚು ಮೆಟ್ಟಿಲು ಹತ್ತುವುದು, ಮರಳಿನಲ್ಲಿ ದೂರ ನಡೆಯುವುದು ಆಗುವುದಿಲ್ಲ. ಸೋಮವಾರ ಮತ್ತು ಶನಿವಾರ ಅವರು ಮೀನು ಮುಟ್ಟುವುದಿಲ್ಲ. ಉಳಿದ ದಿನಗಳಲ್ಲಿ ನಮ್ಮಿಬ್ಬರಿಗಿಂತ ಅವರಿಗೇ ಮೀನಿನ ಆಸೆ ಹೆಚ್ಚು. ದಿನಕ್ಕೆ ಎರಡು ಮೂರು ಗಂಟೆಗಳಿಗಿಂತ ಹೆಚ್ಚು ಕಾರಿನಲ್ಲಿ ಕೂರುವುದು ಬೇಡವೆಂಬುದು ನಮ್ಮೆಲ್ಲರ ಒಮ್ಮತ. ಈ ದಾರಿಯನ್ನು ಬಲ್ಲವರು ದಯವಿಟ್ಟು ನಮ್ಮ ಯೋಜನೆಯನ್ನು ತಿದ್ದಬೇಕು.

ಅಳಿವೆ ಬಾಗಿಲು (ಕುಂದಾಪುರ)

ನಿಮ್ಮ ಪಟ್ಟಿಯಲ್ಲಿರುವ ಊರುಗಳೆಲ್ಲ ಒಳ್ಳೆಯ ಊರುಗಳೇ, ಆದರೆ ರಾತ್ರಿಗಳ ಹಂಚಿಕೆ ನಿಮ್ಮ ಉದ್ದೇಶಕ್ಕೆ ಒಗ್ಗುವುದಿಲ್ಲ. ಪ್ರತಿ ರಾತ್ರಿ ಊರು ಬದಲಾಯಿಸಿದರೆ ಬೆಳಗ್ಗೆ ಸಾಮಾನು ಕಟ್ಟುವುದು, ಕೋಣೆ ಬಿಡುವುದು, ಮುಂದಿನ ಊರಿನಲ್ಲಿ ಕೋಣೆ ಸಿಗುವ ತನಕ ಬಿಸಿಲಿನಲ್ಲಿ ಕಾಯುವುದು, ಇಷ್ಟರಲ್ಲೇ ಹಗಲು ಕಳೆಯುತ್ತದೆ. ಕರಾವಳಿಯಲ್ಲಿ ನೋಡತಕ್ಕ ಹೊತ್ತು ಎರಡೇ: ಬೆಳಗ್ಗೆ ಒಂಬತ್ತು ಗಂಟೆಯೊಳಗೆ ಮತ್ತು ಸಂಜೆ ನಾಲ್ಕೂವರೆಯ ನಂತರ. ನಡುವಿನ ಹೊತ್ತು ಊಟಕ್ಕೆ, ನಿದ್ದೆಗೆ, ಹೆಚ್ಚೆಂದರೆ ಒಂದು ದೇವಸ್ಥಾನಕ್ಕೆ. ನಿಮ್ಮ ಪಟ್ಟಿ ಆ ಎರಡು ಒಳ್ಳೆಯ ಹೊತ್ತುಗಳನ್ನೇ ನುಂಗಿಬಿಡುತ್ತದೆ.

ಇನ್ನೊಂದು ಮಾತು. ರಾಷ್ಟ್ರೀಯ ಹೆದ್ದಾರಿ 66 ಕರಾವಳಿಯ ರಸ್ತೆ ಎಂದು ಹೆಸರಾಗಿದ್ದರೂ ಅದರಲ್ಲಿ ಸಾಗುವವರಿಗೆ ಕಡಲು ಕಾಣುವುದು ಬಹಳ ಕಡಿಮೆ. ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್ ದೂರವಿದ್ದು, ಅದರಲ್ಲಿ ಕಣ್ತುಂಬ ನೀರು ಕಾಣುವ ಜಾಗಗಳನ್ನು ಬೆರಳಿನಲ್ಲಿ ಎಣಿಸಬಹುದು. ಉಳಿದದ್ದೆಲ್ಲ ಮೇಲ್ಸೇತುವೆ, ಸರ್ವಿಸ್ ರಸ್ತೆ, ಪೆಟ್ರೋಲ್ ಬಂಕು, ಕಲ್ಯಾಣ ಮಂಟಪ. ಆದ್ದರಿಂದ ಊರುಗಳನ್ನು ಅಥವಾ ಬೀಚುಗಳನ್ನು ಹಿಡಿದು ಯೋಜನೆ ಮಾಡುವುದಕ್ಕಿಂತ ಹೊಳೆಗಳು ಕಡಲು ಸೇರುವ ಅಳಿವೆಗಳನ್ನು ಹಿಡಿದು ಮಾಡಿ ಎಂಬುದು ನನ್ನ ಸಲಹೆ.

ಕಾರಣ ಇಷ್ಟೇ. ಘಟ್ಟದಿಂದ ಇಳಿದು ಬರುವ ನಮ್ಮ ಹಲವು ಹೊಳೆಗಳು ನೇರವಾಗಿ ಕಡಲಿಗೆ ಬೀಳುವುದಿಲ್ಲ. ಕಡಲ ಹತ್ತಿರಕ್ಕೆ ಬಂದು, ಮರಳಿನ ದಿಣ್ಣೆಯೊಂದು ಅಡ್ಡವಾಗಿ, ಅದರ ಬೆನ್ನಿಗೇ ಅಂಟಿಕೊಂಡು ತೆಂಕಕ್ಕೋ ಬಡಗಕ್ಕೋ ಹರಿದು ಎಲ್ಲೋ ಒಂದು ಕಡೆ ಬಾಯಿ ತೆರೆಯುತ್ತವೆ. ಆ ಮರಳುಪಟ್ಟಿಯ ಮೇಲೆ ಹಳೆಯ ಊರುಗಳೂ ಕಿರಿದಾದ ರಸ್ತೆಗಳೂ ಇವೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಮರವಂತೆಯಲ್ಲಿ ಹೆದ್ದಾರಿಯೇ ಅಂಥ ಪಟ್ಟಿಯ ಮೇಲೆ ಹೋಗುವುದರಿಂದ ಅದು ಎಲ್ಲರಿಗೂ ಗೊತ್ತು. ಅಲ್ಲಿ ಸೌಪರ್ಣಿಕೆ ಕಡಲಿನಿಂದ ರಸ್ತೆಯಗಲದಷ್ಟು ದೂರಕ್ಕೆ ಬಂದೂ ಸೇರದೆ, ತೆಂಕಕ್ಕೆ ತಿರುಗಿ ಗಂಗೊಳ್ಳಿಯ ತನಕ ಹೋಗಿ ಪಂಚಗಂಗಾವಳಿಯ ಅಳಿವೆಯಲ್ಲಿ ಕಡಲು ಸೇರುತ್ತದೆ. ಆದರೆ ಮಲ್ಪೆಯಿಂದ ತೆಂಕಕ್ಕೆ ಪಡುಕೆರೆ, ಮಟ್ಟು ಮೂಲಕ ಕಾಪುವಿಗೆ ಬರುವ ರಸ್ತೆ, ಬಡಗಕ್ಕೆ ಹೂಡೆಯ ಮೂಲಕ ಕೋಡಿಬೆಂಗ್ರೆಗೆ ಹೋಗುವ ರಸ್ತೆ, ಇವೆರಡೂ ಅದೇ ಬಗೆಯವು, ಮತ್ತು ಇವುಗಳಲ್ಲಿ ಲಾರಿಗಳ ಕಾಟವಿಲ್ಲ. ಕೋಡಿಬೆಂಗ್ರೆಯಲ್ಲಿ ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲಿಗೆ ಸೇರುತ್ತವೆ. ರಸ್ತೆ ಅಲ್ಲಿಗೆ ಮುಗಿಯುತ್ತದೆ. ಆಚೆ ದಡದ ಹಂಗಾರಕಟ್ಟೆಗೆ ಬಾರ್ಜ್ ಇದೆ. ಬಾರ್ಜ್ ಓಡುತ್ತಿದೆಯೇ, ಕಾರು ಹತ್ತಿಸುತ್ತಾರೆಯೇ ಎಂಬುದನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ, ಏಕೆಂದರೆ ನೀರಿನ ಮಟ್ಟ ಮತ್ತು ದುರಸ್ತಿ ಎರಡಕ್ಕೂ ಅದು ನಿಲ್ಲುವುದುಂಟು.

ಹೀಗಾಗಿ ನನ್ನ ಲೆಕ್ಕದಲ್ಲಿ ನಿಮಗೆ ಮೂರು ತಂಗುದಾಣ ಸಾಕು: ಉಡುಪಿ ಅಥವಾ ಮಲ್ಪೆಯಲ್ಲಿ ಎರಡು ರಾತ್ರಿ, ಕುಂದಾಪುರದ ಆಸುಪಾಸಿನಲ್ಲಿ ಎರಡು ರಾತ್ರಿ, ಹೊನ್ನಾವರ–ಕುಮಟಾ ನಡುವೆ ಮೂರು ರಾತ್ರಿ. ಕಾರವಾರವನ್ನು ಕುಮಟಾದಿಂದ ಒಂದು ಹಗಲಿನಲ್ಲಿ ನೋಡಿಬರಬಹುದು. ಮಂಗಳೂರಿನಲ್ಲಿ ತಂಗುವುದು ಬೇಡವೆಂದಲ್ಲ, ಆದರೆ ಅದು ನಗರ. ನಗರಕ್ಕೆ ಇನ್ನೊಮ್ಮೆ ಬರಬಹುದು.

ಗಾಲಿ ಮತ್ತು ನಕ್ಷೆ (ಬೆಂಗಳೂರು)

ಅಳಿವೆ ಬಾಗಿಲು ಅವರ ಸಲಹೆಗೆ ಚಾಲಕನ ದೃಷ್ಟಿಯಿಂದ ಕೆಲವನ್ನು ಸೇರಿಸುತ್ತೇನೆ. ತೆಂಕಿನಿಂದ ಬಡಗಕ್ಕೆ ಹೋಗುವ ನಿಮ್ಮ ನಿರ್ಧಾರ ಸರಿಯಾದುದು, ಮತ್ತು ಅದಕ್ಕೆ ಸರಳವಾದ ಕಾರಣವೊಂದಿದೆ: ನಾವು ರಸ್ತೆಯ ಎಡಬದಿಯಲ್ಲಿ ಓಡಿಸುತ್ತೇವೆ, ಬಡಗಕ್ಕೆ ಮುಖ ಮಾಡಿದಾಗ ಕಡಲು ಎಡಕ್ಕೇ ಇರುತ್ತದೆ. ಹೆದ್ದಾರಿಯ ನಡುವೆ ಈಗ ವಿಭಜಕವಿರುವುದರಿಂದ ಕಾರವಾರದಿಂದ ಇಳಿದು ಬರುವವರು ಕಡಲ ಬದಿಗೆ ಹೋಗಬೇಕಾದರೆ ಮುಂದೆ ಹೋಗಿ ತಿರುಗಿ ಬರಬೇಕು, ಇಲ್ಲವೇ ವೇಗವಾಗಿ ಬರುವ ವಾಹನಗಳ ನಡುವೆ ವೃದ್ಧರನ್ನು ಕೈಹಿಡಿದು ರಸ್ತೆ ದಾಟಿಸಬೇಕು. ನಿಮಗೆ ಆ ತಾಪತ್ರಯವಿಲ್ಲ. ಅತ್ತೆಯವರನ್ನು ಮುಂದಿನ ಎಡ ಆಸನದಲ್ಲಿ ಕೂರಿಸಿದರೆ ಮೊಣಕಾಲಿಗೂ ಅನುಕೂಲ, ನೋಟಕ್ಕೂ ಅನುಕೂಲ.

ಮೈಸೂರಿನಿಂದ ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಪುತ್ತೂರು ಮಾರ್ಗವಾಗಿ ಇಳಿಯುವುದು ಸಹಜ. ಉಡುಪಿಯವರೆಗೆ ಇಡೀ ಹಗಲು ಹಿಡಿಯುತ್ತದೆ. ನಿಮ್ಮ ಎರಡು ಮೂರು ಗಂಟೆಯ ನಿಯಮ ಅಂದು ನಡೆಯುವುದಿಲ್ಲ. ಹಿಂದಿರುಗುವಾಗ ಅದೇ ದಾರಿ ಹಿಡಿಯದೆ ಹೊನ್ನಾವರದಿಂದ ಗೇರುಸೊಪ್ಪೆ, ಜೋಗ, ಸಾಗರ, ಶಿವಮೊಗ್ಗ ಮೂಲಕ ಬಂದರೆ ಶರಾವತಿ ಕಣಿವೆಯೂ ಸಿಗುತ್ತದೆ. ಕೊನೆಯ ತಂಗುದಾಣ ಕಾರವಾರದ ಬದಲು ಹೊನ್ನಾವರದ ಹತ್ತಿರವಿರಲಿ ಎಂಬ ಮಾತಿಗೆ ಇದೂ ಒಂದು ಬೆಂಬಲ. ಶಿರಸಿ ಕಡೆಗೆ ಹೋಗುವ ದೇವಿಮನೆ ಘಾಟಿಯಲ್ಲಿ ಅಗಲೀಕರಣದ ಕೆಲಸದಿಂದಾಗಿ ಆಗಾಗ ಸಂಚಾರ ನಿರ್ಬಂಧವಾಗಿದೆ. ಆ ದಾರಿ ಆರಿಸುವುದಾದರೆ ಅಂದಂದಿನ ಸುದ್ದಿ ನೋಡಿಕೊಳ್ಳಿ.

ಟೋಲ್ ವಿಷಯ: ಸುರತ್ಕಲ್‌ನ ಟೋಲ್ 2022ರ ಡಿಸೆಂಬರ್‌ನಲ್ಲಿ ಮುಚ್ಚಿದೆ. ಹೆಜಮಾಡಿ, ಸಾಸ್ತಾನ, ಶಿರೂರು, ಕುಮಟಾ ಬಳಿಯ ಹೊಳೆಗದ್ದೆ, ಅಂಕೋಲಾ ಬಳಿಯ ಬೇಲೆಕೇರಿ, ಇವು ದಾರಿಯಲ್ಲಿ ಎದುರಾಗುತ್ತವೆ. ಫಾಸ್ಟ್ಯಾಗ್‌ನಲ್ಲಿ ಹಣವಿರಲಿ. ಹೆದ್ದಾರಿಯಲ್ಲಿ ಎಡ ಪಥದಲ್ಲೇ ಎದುರಿನಿಂದ ಬರುವ ದ್ವಿಚಕ್ರ ವಾಹನಗಳು ಇಲ್ಲಿ ಸಾಮಾನ್ಯ. ಮುಂದಿನ ತಿರುವಿನವರೆಗೆ ಹೋಗುವ ಬದಲು ಊರವರು ಹಾಗೆ ಬಂದುಬಿಡುತ್ತಾರೆ. ಕತ್ತಲಾದ ಮೇಲೆ ಓಡಿಸಬೇಡಿ ಎನ್ನುವುದಕ್ಕೆ ಇಷ್ಟೇ ಕಾರಣ ಸಾಕು.

ಮರಳುಗಾಡಿನಿಂದ (ಮಸ್ಕತ್)

ನನ್ನದು ಭಿನ್ನ ಅಭಿಪ್ರಾಯ. ನಾನು ಬೈಂದೂರಿನ ಕಡೆಯವನು, ಊರಿಗೆ ಬಂದಾಗಲೆಲ್ಲ ಈ ದಾರಿಯಲ್ಲಿ ಓಡಾಡುತ್ತೇನೆ. ರಸ್ತೆ ಚತುಷ್ಪಥವಾದ ಮೇಲೆ ಬೆಳಗ್ಗೆ ಮಂಗಳೂರು ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಕಾರವಾರ ತಲುಪಬಹುದು. ಕೈಯಲ್ಲಿ ಏಳು ರಾತ್ರಿಗಳಿರುವಾಗ ಗೋವಾದ ಗಡಿಗೆ ಹೋಗಿ ಹಿಂದಿರುಗುವುದು ನಷ್ಟವಲ್ಲವೇ? ದಕ್ಷಿಣ ಗೋವಾದ ಕಾಣಕೋಣ, ಪಾಳೊಳೆಂ ನಮ್ಮ ಗಡಿಯ ಮಾಜಾಳಿಯಿಂದ ದೂರವೇನಲ್ಲ. ಬಾರ್ಜ್, ಮರಳುಪಟ್ಟಿ, ಹಳೆಯ ರಸ್ತೆ ಇವೆಲ್ಲ ಊರವರಾದ ನಮಗೆ ಹಳೆಯ ನೆನಪಿನಿಂದಾಗಿ ಚಂದ. ಹೊರಗಿನಿಂದ ಬಂದವರಿಗೆ ಹೋಟೆಲು, ಶೌಚಾಲಯ, ವಾಹನ ನಿಲುಗಡೆ ಇರುವ ಜಾಗಗಳೇ ಹಿತ.

ಅಳಿವೆ ಬಾಗಿಲು (ಕುಂದಾಪುರ)

ಮಸ್ಕತ್‌ನಲ್ಲಿರುವ ಸ್ನೇಹಿತರೇ, ಶೌಚಾಲಯದ ಮಾತನ್ನು ಒಪ್ಪುತ್ತೇನೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಅದು ಸಣ್ಣ ವಿಷಯವಲ್ಲ, ಹೆದ್ದಾರಿಯ ಪೆಟ್ರೋಲ್ ಬಂಕುಗಳನ್ನು ನಂಬಿಕೊಳ್ಳುವ ಸ್ಥಿತಿಯೂ ಎಲ್ಲ ಕಡೆ ಇಲ್ಲ. ಆ ಕಾರಣಕ್ಕೇ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು, ಈ ಎರಡು ಬೀಚುಗಳನ್ನು ಯಾದಿಗೆ ಸೇರಿಸಬೇಕು. 2020ರಲ್ಲಿ, ಸ್ವಚ್ಛ ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಮೇಲೆ ಅಲ್ಲಿ ಶೌಚಾಲಯ, ಸ್ನಾನದ ಕೋಣೆ, ನೆರಳು, ನಡೆಯಲು ಹಾಸಿದ ದಾರಿ ಎಲ್ಲ ಆಗಿವೆ. ಅವು ನನ್ನ ಮಟ್ಟಿಗೆ ಸ್ವಲ್ಪ ಉದ್ಯಾನವನದಂತೆ ಕಂಡರೂ ಮೊಣಕಾಲು ನೋವಿರುವವರು ಅಲೆಯ ಹತ್ತಿರಕ್ಕೆ ಹೋಗಿ ಕೂರುವುದಕ್ಕೆ ಅವುಗಳಿಗಿಂತ ಅನುಕೂಲವಾದ ಜಾಗ ಕಡಿಮೆ.

ಗೋವಾದ ಬಗ್ಗೆ ಮಾತ್ರ ನಾನು ಒಪ್ಪಲಾರೆ. ಮಧ್ಯಾಹ್ನಕ್ಕೆ ಕಾರವಾರ ತಲುಪಬಹುದು ಎಂಬುದು ನಿಜ. ಪ್ರಶ್ನೆ ಕೇಳಿದವರು ತಲುಪುವ ಬಗ್ಗೆ ಕೇಳಿಲ್ಲ. ಗೋವಾ ಸೇರಿಸಿದ ಕೂಡಲೇ ಉಳಿದ ಊರುಗಳು ಗೋವಾಕ್ಕೆ ಹೋಗುವ ದಾರಿಯಾಗಿಬಿಡುತ್ತವೆ, ಮತ್ತು ಕೊನೆಯ ದಿನ ಮೈಸೂರಿಗೆ ಮರಳುವುದು ಒಂದು ಶಿಕ್ಷೆಯಾಗುತ್ತದೆ.

ಮಳೆಗಾಲದವ (ತೀರ್ಥಹಳ್ಳಿ)

ಜನವರಿಯ ಕರಾವಳಿಯೆಂದರೆ ಬಿಳಿಚಿಕೊಂಡ ಆಕಾಶ, ಬೆವರು ಮತ್ತು ಶಾಲಾ ಪ್ರವಾಸದ ಬಸ್ಸುಗಳು. ಇದೇ ದಾರಿಯನ್ನು ಆಗಸ್ಟ್ ಕೊನೆಯಲ್ಲಿ ಕಂಡವರಿಗೆ ಬೇರೆ ಕಾಲ ರುಚಿಸುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿದು ಬೋಟುಗಳು ಇಳಿದಿರುತ್ತವೆ, ಗದ್ದೆಗಳು ಹಸಿರಾಗಿರುತ್ತವೆ, ಕೋಣೆಗಳ ಬಾಡಿಗೆಯೂ ಕಡಿಮೆ. ಪ್ರಯಾಣವನ್ನು ಮುಂದೂಡಲು ಸಾಧ್ಯವೇ ಯೋಚಿಸಿ.

ಶರಾವತಿ ದಡ (ಹೊನ್ನಾವರ)

ಮಳೆಯ ಸೊಬಗನ್ನು ಅಲ್ಲಗಳೆಯುವುದಿಲ್ಲ, ಆದರೆ ಉತ್ತರ ಕನ್ನಡದವರಾದ ನಾವು ಈಗ ಮಳೆಗಾಲದ ಪ್ರಯಾಣಕ್ಕೆ ಅಷ್ಟು ಸುಲಭವಾಗಿ ಯಾರನ್ನೂ ಕರೆಯಲಾರೆವು. 2024ರ ಜುಲೈ 16ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು, ರಸ್ತೆ ಬದಿಯ ಚಹಾದಂಗಡಿಯೂ ನಿಂತಿದ್ದ ವಾಹನಗಳೂ ಗಂಗಾವಳಿ ನದಿಯ ಪಾಲಾದದ್ದು ಎಲ್ಲರಿಗೂ ನೆನಪಿದೆ. ಟೋಲ್ ಇರುವ ಬೈಂದೂರು ತಾಲೂಕಿನ ಶಿರೂರು ಬೇರೆ, ಇದು ಬೇರೆ. ಮೂರು ವಾರ ಕಳೆಯುತ್ತಲೇ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರ–ಸದಾಶಿವಗಡ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅಗಲೀಕರಣಕ್ಕಾಗಿ ನೆಟ್ಟಗೆ ಕಡಿದ ಗುಡ್ಡಗಳು ಈ ಭಾಗದಲ್ಲಿ ಇನ್ನೂ ಇವೆ. ಮಳೆಯಲ್ಲಿ ಅವುಗಳ ಕೆಳಗೆ ಕಾರು ನಿಲ್ಲಿಸಿ ಚಹಾ ಕುಡಿಯುವ ಅಭ್ಯಾಸವನ್ನು ನಾವೇ ಬಿಟ್ಟಿದ್ದೇವೆ. ಅಲ್ಲದೆ ಮಳೆಗಾಲದಲ್ಲಿ ಸೇಂಟ್ ಮೇರೀಸ್, ನೇತ್ರಾಣಿ ದ್ವೀಪಗಳಿಗೆ ದೋಣಿಗಳಿಲ್ಲ, ಬೀಚುಗಳಲ್ಲಿ ನೀರಿಗಿಳಿಯಲು ಬಿಡುವುದಿಲ್ಲ. ಅವರ ಜನವರಿ–ಫೆಬ್ರವರಿಯೇ ಸರಿ. ಕ್ರಿಸ್‌ಮಸ್ ರಜೆಯ ಗದ್ದಲ ಮುಗಿದಿರುತ್ತದೆ, ಶಿವರಾತ್ರಿಗೆ ಗೋಕರ್ಣ ತುಂಬುವುದಕ್ಕೆ ಇನ್ನೂ ಸಮಯವಿರುತ್ತದೆ.

ಈಗ ಬಡಗಿನ ಅರ್ಧದ ಬಗ್ಗೆ ಹೇಳುತ್ತೇನೆ. ಅಳಿವೆಯ ಲೆಕ್ಕದಲ್ಲಿ ನೋಡಿದರೆ ನಮ್ಮ ಕಡೆಗೆ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂಬ ನಾಲ್ಕು ದೊಡ್ಡ ಹೊಳೆಗಳಿವೆ, ನಾಲ್ಕಕ್ಕೂ ನಾಲ್ಕು ಸ್ವಭಾವ. ಶರಾವತಿಗೆ ಅಣೆಕಟ್ಟುಗಳಿವೆ, ಆದ್ದರಿಂದ ಬೇಸಿಗೆಯಲ್ಲೂ ವಿದ್ಯುದಾಗಾರದಿಂದ ಬಿಟ್ಟ ಸಿಹಿನೀರು ಬರುತ್ತಿರುತ್ತದೆ. ಹೊನ್ನಾವರದ ಬಳಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಕಾಲುಹಾದಿ ಮಾಡಿದ್ದಾರೆ. ಸಮತಟ್ಟಾದ ದಾರಿಯಾದ್ದರಿಂದ ನಿಮ್ಮ ಅತ್ತೆಯವರು ನಿಧಾನವಾಗಿ ನಡೆಯಬಹುದು. ಅಲ್ಲಿಗೆ ಹೋಗುವ ಹೊತ್ತನ್ನು ಗಡಿಯಾರ ನೋಡಿ ನಿರ್ಧರಿಸಬೇಡಿ, ಉಬ್ಬರ ಇಳಿತ ನೋಡಿ ನಿರ್ಧರಿಸಿ. ಉಬ್ಬರದಲ್ಲಿ ಕಾಂಡ್ಲಾ ಗಿಡಗಳು ಸೊಂಟದವರೆಗೆ ನೀರಿನಲ್ಲಿ ನಿಂತಿರುತ್ತವೆ. ಇಳಿತದಲ್ಲಿ ಹೋದರೆ ಕೆಸರು ತೆರೆದುಕೊಂಡು, ಮೇಲಕ್ಕೆ ಚಾಚಿದ ಉಸಿರಾಟದ ಬೇರುಗಳ ನಡುವೆ ಸಣ್ಣ ಏಡಿಗಳು ಒಂದೇ ಕೊಂಬನ್ನು ಎತ್ತಿ ಇಳಿಸುತ್ತ ಓಡಾಡುವುದು, ಹೆಜ್ಜೆಯ ಸದ್ದಾದ ಕೂಡಲೇ ಅಷ್ಟೂ ಒಟ್ಟಿಗೆ ಬಿಲ ಸೇರುವುದು ಕಾಣಿಸುತ್ತದೆ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ ಹಿಡಿಯುತ್ತದೆ, ದಿನದಿಂದ ದಿನಕ್ಕೆ ಹೊತ್ತು ಮುಕ್ಕಾಲು ಗಂಟೆಯಷ್ಟು ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ವ್ಯತ್ಯಾಸ ಹೆಚ್ಚು.

ಅಘನಾಶಿನಿ ಅಣೆಕಟ್ಟಿಲ್ಲದ ಹೊಳೆ. ಅದರ ಅಳಿವೆ ಪ್ರದೇಶ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ಹೆಂಗಸರು ಗಂಡಸರು ಎದೆಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆರಿಸುತ್ತಿರುತ್ತಾರೆ. ದಡದ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತವನ್ನು ಈಗಲೂ ಕೆಲವರು ಬೆಳೆಯುತ್ತಾರೆ, ಆದರೆ ಅದು ಮಳೆಗಾಲದ ಬೆಳೆ. ನೀವು ಬರುವ ಹೊತ್ತಿಗೆ ಗದ್ದೆ ಖಾಲಿ. ಅದರ ಬದಲು ಸಾಣಿಕಟ್ಟಾದ ಉಪ್ಪಿನ ಆಗರಗಳು ಕೆಲಸ ಶುರುಮಾಡುವ ಕಾಲ ಅದು. ಗೋಕರ್ಣಕ್ಕೆ ಹೋಗುವಾಗ ರಸ್ತೆಯಿಂದಲೇ ಆಗರದ ಮಡಿಗಳು ಕಾಣುತ್ತವೆ. ಹೆದ್ದಾರಿಯಿಂದ ತುಸು ಒಳಗಿರುವ ಮಿರ್ಜಾನ ಕೋಟೆಯನ್ನು ಬೆಳಗ್ಗೆ ಬೇಗ ನೋಡಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ನೆನೆಯುವ ಕೋಟೆ ಇದು. ಚಿರೆಕಲ್ಲಿನ ಗೋಡೆ ಹತ್ತು ಗಂಟೆಯ ಮೇಲೆ ಕಾದ ಕಾವಲಿಯಂತಾಗುತ್ತದೆ.

ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿಯಿದೆ. ಅದು ಜನರಿಗೆ ಮತ್ತು ದ್ವಿಚಕ್ರ ವಾಹನಗಳಿಗೆ. ಕಾರನ್ನು ತದಡಿಯಲ್ಲೇ ಬಿಟ್ಟು ಹೋಗಿ ಬನ್ನಿ.

ಚಾಮುಂಡಿ ತಪ್ಪಲು (ಮೈಸೂರು)

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಯಜಮಾನರಿಗೆ ಗೋವಾದ ಉತ್ತರವನ್ನು ಓದಿ ಹೇಳಿದೆ. ಮೈಸೂರಿಗೆ ಮರಳುವ ದಿನದ ಮಾತು ಅವರಿಗೆ ತಾಗಿದಂತಿದೆ. ಮೂರು ಪ್ರಶ್ನೆಗಳು ಉಳಿದಿವೆ. ಗೋಕರ್ಣದಲ್ಲಿ ಒಂದು ರಾತ್ರಿಯಾದರೂ ತಂಗಬೇಡವೇ? ಮುರ್ಡೇಶ್ವರದಲ್ಲಿ ಅತ್ತೆಯವರಿಗೆ ಎಷ್ಟರಮಟ್ಟಿಗೆ ಸಾಧ್ಯವಾದೀತು? ಸಂಜೆ ಕತ್ತಲಾದ ಮೇಲೆ ಕೋಣೆಯಲ್ಲಿ ಕೂರುವುದರ ಹೊರತು ಮಾಡುವುದಕ್ಕೆ ಏನಾದರೂ ಇದೆಯೇ? ಟಿವಿ ನೋಡುವುದಕ್ಕೆ ಅಷ್ಟು ದೂರ ಬರುವುದು ಅವರಿಗೆ ಇಷ್ಟವಿಲ್ಲ.

ಹಂಚಿನ ಮನೆ (ಉಡುಪಿ)

ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರಿಸುವ ಆಸೆ ನನಗೆ ಹೆಚ್ಚು. ನೀವು ಬರುವುದು ಯಕ್ಷಗಾನ ಮೇಳಗಳ ತಿರುಗಾಟದ ನಡುಗಾಲದಲ್ಲಿ. ನವೆಂಬರ್ ಹೊತ್ತಿಗೆ ಹೊರಟ ಮೇಳಗಳು ತಿರುಗಾಟ ಮುಗಿಸುವ ದಿನವಾದ ಮೇ ತಿಂಗಳ ಪತ್ತನಾಜೆಯವರೆಗೆ ಊರೂರು ತಿರುಗುತ್ತವೆ. ಮಂದಾರ್ತಿ, ಮಾರಣಕಟ್ಟೆ, ಕಟೀಲು ಮುಂತಾದ ಮೇಳಗಳದ್ದು ಹರಕೆಯ ಆಟ. ಹರಕೆ ಹೊತ್ತ ಮನೆಯವರು ಆಡಿಸುತ್ತಾರೆ, ಯಾರು ಬೇಕಾದರೂ ಹೋಗಿ ಕೂರಬಹುದು, ಟಿಕೆಟು ಇಲ್ಲ. ಅಂದಿನ ಆಟ ಎಲ್ಲಿ ಎಂಬುದನ್ನು ಸ್ಥಳೀಯ ದಿನಪತ್ರಿಕೆಯ 'ಇಂದಿನ ಕಾರ್ಯಕ್ರಮ' ಅಂಕಣದಲ್ಲಿ ನೋಡಿ, ಇಲ್ಲವೇ ನೀವು ತಂಗಿರುವ ಮನೆಯವರನ್ನು ಕೇಳಿ. ಊಟ ಮುಗಿಸಿ ಹೋದರೆ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ಹೊರಗಿನಿಂದ ನೋಡಬಹುದು. ಅತ್ತೆಯವರಿಗೆ ಕುರ್ಚಿ ಸಿಗುತ್ತದೆ, ಒಂದು ಶಾಲು ಇರಲಿ, ಇಬ್ಬನಿ ಬೀಳುತ್ತದೆ. ಬೆಳಗಿನವರೆಗೆ ಕೂರಬೇಕಾಗಿಲ್ಲ.

ಉಡುಪಿಯ ಎರಡು ರಾತ್ರಿಗಳ ಬಗ್ಗೆ: ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ, ಜನವರಿ 18ರಂದು ಪರ್ಯಾಯ ನಡೆಯುತ್ತದೆ, ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಕೃಷ್ಣಪೂಜೆಯ ಅಧಿಕಾರ ದಾಟುವ ದಿನ. ಅಂಥ ವರ್ಷ ಆ ವಾರದಲ್ಲಿ ಕೋಣೆ ಸಿಗುವುದು ಕಷ್ಟ. ನೀವು ಬರುವುದು ಅದರ ನಂತರವಾದ್ದರಿಂದ ತೊಂದರೆಯಿಲ್ಲ. ಮಠಕ್ಕೆ ಬೆಳಗ್ಗೆ ಬೇಗ ಹೋಗಿ ರಥಬೀದಿಯಲ್ಲಿ ಒಂದು ಸುತ್ತು ಬಂದು, ಅಲ್ಲೇ ಬನ್ಸ್ ಅಥವಾ ಗೋಳಿಬಜೆ ತಿಂದು, ಬಿಸಿಲೇರುವ ಮುನ್ನ ಮಲ್ಪೆಗೆ ಇಳಿಯಿರಿ.

ಸೇಂಟ್ ಮೇರೀಸ್ ದ್ವೀಪದ ಬಗ್ಗೆ ಎರಡು ಮಾತು. ಆರು ಮೂಲೆಯ ಕಂಬಗಳನ್ನು ಕಟ್ಟಿ ನಿಲ್ಲಿಸಿದಂತೆ ಕಾಣುವ ಅಲ್ಲಿನ ಶಿಲೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಲಾವಾ ತಣ್ಣಗಾಗಿ ಬಿರಿದು ಆದದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ನೋಡಲೇಬೇಕಾದ ಜಾಗ. ಆದರೆ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ, ಸಣ್ಣ ದೋಣಿಯಿಂದ ನೀರಿಗೆ ಇಳಿಯಬೇಕಾದ ಸಂದರ್ಭಗಳಿರುವುದರಿಂದ ಮೊಣಕಾಲು ನೋವಿನವರಿಗೆ ನಾನು ಶಿಫಾರಸು ಮಾಡಲಾರೆ. ನೀವಿಬ್ಬರೂ ಸರದಿಯಲ್ಲಿ ಹೋಗಿ ಬರಬಹುದು, ಅಥವಾ ಅತ್ತೆಯವರನ್ನು ಆ ಹೊತ್ತಿನಲ್ಲಿ ಮಲ್ಪೆ ದಂಡೆಯ ಕಲ್ಲುಬೆಂಚಿನ ಮೇಲೆ ಕೂರಿಸಬಹುದು.

ಸಂಜೆ ಪಡುಕೆರೆ ಸೇತುವೆ ದಾಟಿ ಮಟ್ಟುವಿಗೆ ಬನ್ನಿ. ಮಟ್ಟುಗುಳ್ಳ ಎಂಬ ತಿಳಿಹಸಿರು ದುಂಡು ಬದನೆ ಬೆಳೆಯುವುದು ಈ ಊರಿನಲ್ಲೇ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರೆಂದು ಊರವರ ನಂಬಿಕೆ, ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ನಿಮ್ಮ ಅತ್ತೆಯವರ ಸೋಮವಾರವೋ ಶನಿವಾರವೋ ಉಡುಪಿಯಲ್ಲಿ ಬರುವಂತೆ ನೋಡಿಕೊಂಡರೆ ಗುಳ್ಳದ ಹುಳಿಯ ಊಟ ಆ ದಿನಕ್ಕೆ ಒದಗುತ್ತದೆ. ಮೀನಿನ ದಿನಗಳನ್ನು ಕುಂದಾಪುರಕ್ಕೆ ಮೀಸಲಿಡಿ. ಮಟ್ಟುವಿನಿಂದ ಮುಂದೆ ಸಿಗುವ ಕಾಪುವಿನ ದೀಪಸ್ತಂಭ 1901ರದ್ದು. ಬಂಡೆಯ ಮೇಲೆ ಹತ್ತಿಸುವ ಗೋಜು ಬೇಡ, ಕೆಳಗಿನಿಂದಲೇ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆ.

ಶರಾವತಿ ದಡ (ಹೊನ್ನಾವರ)

ಉಳಿದ ಎರಡು ಪ್ರಶ್ನೆಗಳಿಗೆ ನನ್ನ ಉತ್ತರ. ಮುರ್ಡೇಶ್ವರದಲ್ಲಿ ಸುಮಾರು 123 ಅಡಿ ಎತ್ತರದ ಶಿವನ ವಿಗ್ರಹದ ಬುಡಕ್ಕೆ ಮೆಟ್ಟಿಲಿದೆ, ಆದರೆ ರಾಜಗೋಪುರಕ್ಕೆ ಲಿಫ್ಟ್ ಇರುವುದರಿಂದ ಅತ್ತೆಯವರೂ ಮೇಲಕ್ಕೆ ಹೋಗಬಹುದು. ಕಿಟಕಿಯಿಂದ ನೋಡಿದರೆ ವಿಗ್ರಹ, ಕಂದುಕಗಿರಿಯ ಗುಡ್ಡ, ಮೂರು ಬದಿಯ ಕಡಲು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಕುಂದಾಪುರದಿಂದ ಹೊನ್ನಾವರಕ್ಕೆ ಬರುವ ದಿನ ಬೆಳಗ್ಗೆ ಬೇಗ ಹೊರಟು, ಬೈಂದೂರಿನ ಒತ್ತಿನೆಣೆ ಗುಡ್ಡದಲ್ಲಿ ಸ್ವಲ್ಪ ನಿಂತು, ಇದನ್ನು ಮುಗಿಸಿಕೊಂಡು ಬನ್ನಿ; ತಂಗುವಷ್ಟು ಅಲ್ಲೇನಿಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ವಿದ್ಯಾರ್ಥಿನಿಯರು ಅಲ್ಲಿ ಮುಳುಗಿ ತೀರಿಕೊಂಡ ಮೇಲೆ ನೀರಿಗಿಳಿಯುವ ಜಾಗದ ಬಗ್ಗೆ ಕಟ್ಟುನಿಟ್ಟಾಗಿದ್ದಾರೆ. ಜೀವರಕ್ಷಕರು ಶಿಳ್ಳೆ ಹಾಕಿದರೆ ವಾದ ಮಾಡಬೇಡಿ.

ಗೋಕರ್ಣದಲ್ಲಿ ತಂಗುವುದು ನಿಮ್ಮ ಉದ್ದೇಶದ ಮೇಲೆ ನಿಂತಿದೆ. ಮಹಾಬಲೇಶ್ವರನ ದರ್ಶನವೇ ಮುಖ್ಯವಾದರೆ ಕುಮಟಾದಿಂದ ನಸುಕಿನಲ್ಲಿ ಹೊರಟರೆ ಸಾಕು. ಗಂಡಸರು ಪಂಚೆ ಉಟ್ಟು ಅಂಗಿ ತೆಗೆದು ಹೋಗಬೇಕು, ಯಜಮಾನರಿಗೆ ಹೇಳಿಡಿ. ಕುಡ್ಲೆ, ಓಂ ಬೀಚುಗಳಿಗೆ ಇಳಿಯುವ ದಾರಿಯಲ್ಲಿ ಮೆಟ್ಟಿಲೋ ಏರಿಳಿತವೋ ಇದ್ದೇ ಇದೆ. ಅವುಗಳ ಬದಲು ಕುಮಟಾ ಬಳಿಯ ಬಾಡ, ಕಾಗಾಲ ಕಡೆಯ ಕಡಲತೀರಕ್ಕೆ ಕಾರು ಹತ್ತಿರದವರೆಗೂ ಹೋಗುತ್ತದೆ, ಜನವೂ ವಿರಳ. ನನಗಂತೂ ಗೋಕರ್ಣದ ಬೀಚುಗಳಿಗಿಂತ ಪೇಟೆಯ ಬೀದಿಯೇ ಇಷ್ಟ. ಹಾಲಕ್ಕಿ ಸಮುದಾಯದ ಹೆಂಗಸರು ಕೊರಳ ತುಂಬ ಕರಿಮಣಿ ಸರಗಳನ್ನು ಧರಿಸಿ, ತಾವೇ ಬೆಳೆದ ಬಸಳೆ, ಹರಿವೆ, ಗೆಣಸನ್ನು ಬುಟ್ಟಿಯಲ್ಲಿಟ್ಟುಕೊಂಡು ಕೂತಿರುತ್ತಾರೆ. ಕೋಣೆಯಲ್ಲಿ ಅಡುಗೆಗೆ ಅವಕಾಶವಿದ್ದರೆ ಕೊಂಡುಕೊಳ್ಳಿ.

ಇನ್ನೊಂದು ವಿಷಯ. ಜನವರಿಯಿಂದ ಮಾರ್ಚ್‌ವರೆಗೆ ಕಾಸರಕೋಡು ಟೊಂಕ ಕಡೆಯ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ರಾತ್ರಿ ದಂಡೆಯಲ್ಲಿ ಟಾರ್ಚು, ಮೊಬೈಲ್ ದೀಪ ಹಾಕಬೇಡಿ, ಕಾರನ್ನು ಮರಳಿಗೆ ಇಳಿಸಲೇಬೇಡಿ.

ಕಾಳಿ ಸಂಗಮ (ಕಾರವಾರ)

ಕಾರವಾರವನ್ನು ಎಲ್ಲರೂ ಒಂದು ಹಗಲಿಗೆ ಇಳಿಸಿದ್ದೀರಿ. ಇರಲಿ, ಆ ಹಗಲನ್ನು ಹೀಗೆ ಬಳಸಿ. ಅಂಕೋಲಾ ದಾಟಿದ ಮೇಲೆ ನೌಕಾನೆಲೆಯ ಪ್ರದೇಶ ಬರುತ್ತದೆ. ಅಲ್ಲಿ ಕಾರು ನಿಲ್ಲಿಸುವುದು, ಫೋಟೊ ತೆಗೆಯುವುದು ಬೇಡ. ಡ್ರೋನ್ ಇದ್ದರೆ ಮೈಸೂರಿನಲ್ಲೇ ಬಿಟ್ಟು ಬನ್ನಿ. ಬಿಣಗಾ ಸುರಂಗ ದಾಟಿ ಪೇಟೆಗೆ ಬಂದರೆ ಟ್ಯಾಗೋರ್ ಕಡಲತೀರ. ರವೀಂದ್ರನಾಥರು ಯೌವನದಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದಾಗ ಒಂದು ನಾಟಕವನ್ನು ಬರೆದರು. ಅದೇ ದಂಡೆಯಲ್ಲಿ ಚಾಪಲ್ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ಒಳಗಿನ ಏಣಿಮೆಟ್ಟಿಲು ಕಡಿದಾಗಿದೆ, ಅತ್ತೆಯವರಿಗೆ ಹೊರಗಿನಿಂದಲೇ ಸಾಕು.

ಮಧ್ಯಾಹ್ನದ ಊಟವಾದ ಮೇಲೆ ಕಾಳಿಯ ಹೊಸ ಸೇತುವೆ ದಾಟಿ ಸದಾಶಿವಗಡ ಗುಡ್ಡದ ಮೇಲಕ್ಕೆ ಕಾರಿನಲ್ಲೇ ಹೋಗಬಹುದು. ಕಾಳಿ ಕಡಲು ಸೇರುವ ಅಳಿವೆ, ದೇವಬಾಗದ ಗಾಳಿಮರಗಳ ಸಾಲು, ದೂರದ ಕೂರ್ಮಗಡ ದ್ವೀಪ, ಎಲ್ಲವೂ ಅಲ್ಲಿಂದ ಕಾಣುತ್ತವೆ. ಇಷ್ಟು ಹೊತ್ತು ಅಳಿವೆಗಳನ್ನು ನೀರಿನ ಮಟ್ಟದಿಂದ ನೋಡಿರುತ್ತೀರಿ, ಇಲ್ಲಿ ಮೇಲಿನಿಂದ ನೋಡುತ್ತೀರಿ. ಸಂಜೆ ಐದಕ್ಕೆ ಹೊರಟರೆ ಕತ್ತಲಾಗುವ ಹೊತ್ತಿಗೆ ಕುಮಟಾ ಸೇರಬಹುದು.

ಚಾಮುಂಡಿ ತಪ್ಪಲು (ಮೈಸೂರು)

ಎಲ್ಲರ ಮಾತುಗಳನ್ನೂ ಕೂಡಿಸಿ ಹೊಸ ಯೋಜನೆ ಬರೆದಿದ್ದೇವೆ. ಶುಕ್ರವಾರ ಹೊರಟು ಶುಕ್ರವಾರ, ಶನಿವಾರ ಉಡುಪಿ. ಗುಳ್ಳದ ಊಟ ಶನಿವಾರಕ್ಕೆ ಬಂತು. ಭಾನುವಾರ ಮಲ್ಪೆ, ಹೂಡೆ, ಕೋಡಿಬೆಂಗ್ರೆ ನೋಡಿಕೊಂಡು, ಬಾರ್ಜ್ ಇದ್ದರೆ ಹೊಳೆ ದಾಟಿ, ಇಲ್ಲದಿದ್ದರೆ ಹೆದ್ದಾರಿಗೆ ಮರಳಿ ಕುಂದಾಪುರ. ಸೋಮವಾರ ಕೊಲ್ಲೂರಿಗೆ ಹೋಗಿ ಸಂಜೆ ಮರವಂತೆ. ಮಂಗಳವಾರ ಒತ್ತಿನೆಣೆ, ಮುರ್ಡೇಶ್ವರದ ಮೂಲಕ ಕುಮಟಾ. ಬುಧವಾರ ಮಿರ್ಜಾನ, ಗೋಕರ್ಣ, ತದಡಿ. ಗುರುವಾರ ಕಾರವಾರ. ಶುಕ್ರವಾರ ಕಾಂಡ್ಲಾ ಕಾಲುಹಾದಿಯನ್ನು ನೋಡಿ ಜೋಗದ ದಾರಿಯಾಗಿ ಮನೆಗೆ. ಇದರಲ್ಲಿ ಏನಾದರೂ ಹೊಂದದೆ ಇದ್ದರೆ ತಿಳಿಸಿ.

ಗಾಲಿ ಮತ್ತು ನಕ್ಷೆ (ಬೆಂಗಳೂರು)

ಕೊನೆಯ ಶುಕ್ರವಾರ ಹೊಂದುವುದಿಲ್ಲ. ಕುಮಟಾದಿಂದ ಮೈಸೂರಿಗೆ ಅದು ದೀರ್ಘ ದಿನ, ಕಾಂಡ್ಲಾ ನೋಡಿ ಜೋಗ ನೋಡಿ ಹೊರಟರೆ ಮೈಸೂರು ಸೇರುವಾಗ ನಡುರಾತ್ರಿಯಾಗುತ್ತದೆ. ಕಾಂಡ್ಲಾವನ್ನು ಮಂಗಳವಾರ ಮಧ್ಯಾಹ್ನದ ಮೇಲೆ ಹೊನ್ನಾವರದಲ್ಲಿ ಇಳಿದೇ ಮುಗಿಸಿ, ಜೋಗದಲ್ಲಿ ಜನವರಿಯ ನೀರು ಕಡಿಮೆಯಾದ್ದರಿಂದ ಅದನ್ನು ದಾರಿಯಲ್ಲಿ ನಿಂತು ನೋಡುವಷ್ಟಕ್ಕೆ ಇಡಿ. ಸಾಧ್ಯವಾದರೆ ಆ ರಾತ್ರಿಯೊಂದನ್ನು ಶಿವಮೊಗ್ಗದಲ್ಲಿ ಕಳೆಯಿರಿ.

ಅಳಿವೆ ಬಾಗಿಲು (ಕುಂದಾಪುರ)

ಉಳಿದಂತೆ ಎಲ್ಲವೂ ಸರಿಯಿದೆ. ಭಾನುವಾರ ಮಲ್ಪೆ ಬೀಚಿನಲ್ಲಿ ಸ್ಥಳೀಯರ ಜಂಗುಳಿ ಇರುವುದರಿಂದ ಬೆಳಗ್ಗೆ ಎಂಟರೊಳಗೆ ಅಲ್ಲಿಂದ ಹೊರಡಿ. ಸೋಮವಾರ ಸಂಜೆ ಕೊಲ್ಲೂರಿನಿಂದ ಬೈಂದೂರಿನ ಮೂಲಕ ಬಂದರೆ ಮರವಂತೆಯಲ್ಲಿ ಕುಂದಾಪುರದ ಕಡೆಗೆ ಮುಖ ಮಾಡಿ ಬರುತ್ತಿರುತ್ತೀರಿ, ಅಂದರೆ ಕಡಲು ಬಲಕ್ಕೆ, ಹೊಳೆ ಎಡಕ್ಕೆ. ತ್ರಾಸಿಯ ತನಕ ಬಂದು ತಿರುಗಿಸಿಕೊಂಡು ಬಡಗಕ್ಕೆ ಮುಖ ಮಾಡಿದ ಮೇಲೆಯೇ ನಿಲ್ಲಿಸಿ, ರಸ್ತೆ ದಾಟಬೇಡಿ. ತಡೆಗೋಡೆಯ ಕಲ್ಲುಗಳು ಪಾಚಿಯಿಂದ ಜಾರುತ್ತವೆ; ವರಾಹ ದೇವಸ್ಥಾನದ ಎದುರಿನ ಜಾಗದಲ್ಲಿ ಕಾರಿನ ಬಾಗಿಲು ತೆರೆದು ಅತ್ತೆಯವರು ಕೂತಲ್ಲಿಂದಲೇ ಕಡಲು ನೋಡಬಹುದು.